ಪೆಟ್ಟಿಗೆಯಲ್ಲೇ ಉಳಿದ ಕೆಂಪು ಕೋಟು

ರಂಗಮಂದಿರದ ಒಳಗೆ ಸೂಜಿಯಣ್ಣನನ್ನು ಅರಿಯದವರಿರಲಿಲ್ಲ, ಹೊರಗೆ ಅವನ ಗುರುತು ಹಿಡಿಯುವವರಿರಲಿಲ್ಲ. ಅವನಿಗೆ ಬೇಕಾಗಿದ್ದದ್ದೂ ಅದೇ. ಶರ್ಟಿನ ಕಾಲರಿಗೆ ದಾರ ಪೋಣಿಸಿದ ಸೂಜಿಯೊಂದನ್ನು ಸದಾ ಚುಚ್ಚಿಕೊಂಡಿರುತ್ತಿದ್ದ. ಮದುವೆಗೆ ಹೋದರೂ ಸರಿ, ಮಣ್ಣಿಗೆ ಹೋದರೂ ಸರಿ, ಸೂಜಿ ಅಲ್ಲೇ. ಹೆಸರು ಬಂದದ್ದು ಹಾಗೆ. ಹೆತ್ತವರು ಇಟ್ಟ ಹೆಸರು ಸಂಬಳದ ದಿನ ಸಹಿ ಹಾಕುವಾಗ ಮಾತ್ರ ಹೊರಗೆ ಬಂದು, ಸ್ವಲ್ಪ ಗಾಳಿ ಕುಡಿದು, ಮತ್ತೆ ಒಳಗೆ ಹೋಗಿಬಿಡುತ್ತಿತ್ತು.

ನಟರ ಉಡುಪು ಹೊಲಿಯುವುದು, ಒಗೆಸುವುದು, ಕಾಪಾಡುವುದು ಅವನ ಕೆಲಸ. ಮೇಲ್ಮಹಡಿಯಲ್ಲೊಂದು ಉದ್ದನೆಯ ಕೋಣೆ, ಎರಡು ಹೊಲಿಗೆ ಯಂತ್ರ, ಸುಟ್ಟ ಕಲೆಗಳ ಇಸ್ತ್ರಿ ಮೇಜು, ಗೋಡೆಯುದ್ದಕ್ಕೂ ಕಬ್ಬಿಣದ ಪೆಟ್ಟಿಗೆಗಳು. ಹೊಸದಾಗಿ ಕೆಲಸಕ್ಕೆ ಬಂದವರನ್ನು ಕೂರಿಸಿಕೊಂಡು ಅವನು ಒಂದೇ ಪಾಠ ಹೇಳುತ್ತಿದ್ದ: "ರಾಜನ ಉಡುಪು ಯಾರು ಬೇಕಾದ್ರೂ ಹೊಲೀತಾರೆ. ಜರಿ ಹಚ್ಚಿದ್ರೆ ರಾಜ, ಕಿತ್ತರೆ ಮಂತ್ರಿ. ಹಿಂದೆ ನಿಂತಿರೋ ಗುಂಪಿನ ಉಡುಪು ಇದೆಯಲ್ಲ, ಅದು ಕಷ್ಟ. ನೋಡಿದವರಿಗೆ ನೋಡಿದ ನೆನಪೇ ಇರಬಾರದು."

ಈ ನೆನಪಿಲ್ಲದ ಉಡುಪು ತಯಾರಿಸುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಹೊಸ ಕೋಟನ್ನು ಚಹಾಪುಡಿ ಕುದಿಸಿದ ನೀರಿನಲ್ಲಿ ಅದ್ದುತ್ತಿದ್ದ. ಮೊಣಕೈಯ ಜಾಗವನ್ನು ಇಟ್ಟಿಗೆ ಚೂರಿನಿಂದ ಉಜ್ಜುತ್ತಿದ್ದ. ಹೊಳೆಯುವ ಗುಂಡಿ ಕಿತ್ತು ಮಂಕು ಗುಂಡಿ ಹಾಕುತ್ತಿದ್ದ. ಜೇಬಿನಲ್ಲಿ ಕಲ್ಲು ತುಂಬಿ ವಾರಗಟ್ಟಲೆ ನೇತುಹಾಕುತ್ತಿದ್ದ, ವರ್ಷಗಟ್ಟಲೆ ಕೈ ಹಾಕಿ ಜೋತುಬಿದ್ದ ಜೇಬಿನ ಹಾಗೆ ಆಗಲಿ ಎಂದು. ಅಂಥ ಕೋಟು ತೊಟ್ಟು ನಿಂತವರು ರಂಗದ ಮೇಲಿದ್ದಾರೋ ಮನೆಗೆ ಹೋದರೋ ಎಂಬುದು ಅವರ ಹೆಂಡತಿಗೂ ಗೊತ್ತಾಗುತ್ತಿರಲಿಲ್ಲ.

ಉಡುಪಿನ ಕೋಣೆಗೆ ಒಂದೇ ಕಿಟಕಿ. ಅದರ ಕೆಳಗೆ ಊರಿನ ದೊಡ್ಡ ಚೌಕ. ಪ್ರವಾಸಿಗರು ಬಸ್ಸಿನಿಂದ ಇಳಿಯುವುದೇ ಅಲ್ಲಿ. ಕೆಲಸ ಕಡಿಮೆ ಇದ್ದ ಮಧ್ಯಾಹ್ನ ನಟರು, ದೀಪದವರು, ಬಣ್ಣದವರು ಎಲ್ಲ ಕಿಟಕಿಗೆ ಮುಗಿಬಿದ್ದು ಒಂದು ಆಟ ಆಡುತ್ತಿದ್ದರು. ಇಳಿದವರಲ್ಲಿ ಯಾರು ಯಾವ ಕಡೆಯವರು, ಗಂಡ ಹೆಂಡಿರಲ್ಲಿ ಆವತ್ತು ಜಗಳವಾಡಿದ್ದು ಯಾರು, ಬೂಟು ಕಚ್ಚುತ್ತಿರುವುದು ಯಾರಿಗೆ. ಈ ಆಟದಲ್ಲೂ ಸೂಜಿಯಣ್ಣನದೇ ಮೇಲುಗೈ. "ಹೊಸ ಬೂಟು, ಹಳೇ ಕಾಲು. ಸಂಜೆಯೊಳಗೆ ಕೂತ್ಕೋತಾನೆ ನೋಡ್ರಿ" ಎನ್ನುತ್ತಿದ್ದ. ಕೊರಳಲ್ಲಿ ಕ್ಯಾಮೆರಾ ಕಂಡರೆ "ಬಂತಪ್ಪಾ ಗಂಟೆ ಕಟ್ಟಿದ ಎತ್ತು" ಎನ್ನುತ್ತಿದ್ದ. ಕೋಣೆಯೆಲ್ಲ ನಗುತ್ತಿತ್ತು. ಕೆಳಗಿನವರು ಏನೂ ತಿಳಿಯದೆ ತಲೆ ಎತ್ತಿ ಕಿಟಕಿಗೆ ಕೈ ಬೀಸುತ್ತಿದ್ದರು.

ಇಷ್ಟು ವರ್ಷ ಬೇರೆಯವರನ್ನು ನೋಡಿ ನಕ್ಕವನಿಗೆ ತನ್ನ ಸರದಿ ಬಂದಾಗ ಹೇಗಾಗಬೇಡ? ತಾನು ಕಳ್ಳ, ಪರರ ನಂಬ. ಲೋಕದ ಪ್ರತಿ ಕಿಟಕಿಯ ಹಿಂದೆಯೂ ಒಬ್ಬ ಸೂಜಿಯಣ್ಣ ಕೂತಿದ್ದಾನೆಂದೇ ಅವನ ನಂಬಿಕೆ.

ಅವನಿಗೆ ಇದ್ದವಳು ಒಬ್ಬಳೇ ಅಕ್ಕ. ತಾಯಿ ತೀರಿಕೊಂಡಾಗ ಇವನಿಗೆ ಅಂಗಿ ಗುಂಡಿ ಹಾಕಿಕೊಳ್ಳಲೂ ಬರುತ್ತಿರಲಿಲ್ಲ, ಸಾಕಿದವಳು ಅವಳು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ. ಕಿವಿಗೆ ತಂತಿ ಹಾಕಿಕೊಂಡು ಸಾಲಾಗಿ ಕೂತು ಈ ಊರನ್ನು ಆ ಊರಿಗೆ ಜೋಡಿಸುವ ಹುಡುಗಿಯರಲ್ಲಿ ಒಬ್ಬಳು. ಪಕ್ಕದ ಸ್ಟೂಲಿನಲ್ಲಿ ಅವಳ ಜೀವದ ಗೆಳತಿ. ಕಡ್ಡಿಯಂಥ ಹುಡುಗಿ, ನಿಂತಲ್ಲಿ ನಿಲ್ಲುವವಳಲ್ಲ, ಕುರ್ಚಿಗೆ ಡಿಕ್ಕಿ ಹೊಡೆಯದೆ ಕೋಣೆ ದಾಟಿದವಳಲ್ಲ. ಅಕ್ಕ ಅವಳನ್ನು ಕರೆಯುತ್ತಿದ್ದದ್ದು ಗಡಿಬಿಡಿ ಎಂದೇ. ಇಬ್ಬರಿಗೂ ಸೇರಿ ಒಂದು ಕೆಂಪು ಕೋಟು ಇತ್ತು. ಪಾಳಿ ಬೇರೆಯಾದ ದಿನ, ರಾತ್ರಿ ಚಳಿಯಲ್ಲಿ ಮನೆಗೆ ಹೋಗುವವಳಿಗೆ ಕೋಟು. ಪಾಳಿ ಬದಲಾಗುವಾಗ ಮೆಟ್ಟಿಲ ಮೇಲೇ ಒಬ್ಬಳು ಬಿಚ್ಚಿ ಇನ್ನೊಬ್ಬಳಿಗೆ ತೊಡಿಸುತ್ತಿದ್ದಳು. ಬೆಚ್ಚಗೇ ಇರುತ್ತಿತ್ತಂತೆ.

ಗಡಿಬಿಡಿ ಮದುವೆಯಾಗಿ ಕಡಲಾಚೆ ಹೋದಳು. ಕೋಟು ಯಾರ ಪಾಲಿಗೂ ಇಲ್ಲದೆ ಹುಳು ತಿಂದು ಹೋಯಿತು. ಅಕ್ಕ ಮದುವೆಯಾಗಲಿಲ್ಲ, ಕೇಳಿದವರಿಗೆ "ಲೈನ್ ಸಿಗಲಿಲ್ಲ" ಎಂದು ನಗುತ್ತಿದ್ದಳು. ವರ್ಷಕ್ಕೆ ಒಂದೋ ಎರಡೋ ಸಲ ಫೋನಿನಲ್ಲಿ ಮಾತು, ಅಷ್ಟೇ. ಮೂವತ್ತಕ್ಕೂ ಮೀರಿದ ವರ್ಷಗಳಲ್ಲಿ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ.

ಅಕ್ಕ ನಿವೃತ್ತಳಾದ ಮೇಲೆ ಎಕ್ಸ್‌ಚೇಂಜಿನ ನಿವೃತ್ತರ ಸಂಘದವರು ಒಂದು ಪ್ರವಾಸ ಹೊರಡಿಸಿದರು. ಹೋಗುವ ಊರುಗಳಲ್ಲಿ ಒಂದು ಗಡಿಬಿಡಿ ಇದ್ದ ದೇಶದ್ದು. ಅಕ್ಕ ಆ ರಾತ್ರಿಯೇ ಫೋನು ಹಚ್ಚಿದಳು. ಗಡಿಬಿಡಿಯ ದನಿ ಹೇಗೆಂದರೆ, ಫೋನು ಕಿವಿಗಿಟ್ಟವರಿಗಿಂತ ಪಕ್ಕದ ಕೋಣೆಯಲ್ಲಿ ಕೂತವರಿಗೇ ಚೆನ್ನಾಗಿ ಕೇಳುತ್ತಿತ್ತು.

"ನೀನು ಬರೋ ವಾರಾನೇ ನಾವು ಮನೆ ಬದಲಾಯಿಸ್ತಿದೀವಿ ಕಣೇ! ಮಗಳು ಅಳಿಯನಿಗೆ ದೂರದ ಊರಿಗೆ ವರ್ಗ ಆಗಿದೆ. ಆದ್ರೆ ನೀನು ಬಂದಿಳಿಯೋ ಊರಿನ ಸ್ಟೇಷನ್ನಲ್ಲೇ ರೈಲು ಬದಲಾಯಿಸ್ಬೇಕು. ಮಧ್ಯೆ ಒಂದು ಗಂಟೆ ಸಿಗತ್ತೆ. ದೊಡ್ಡ ಗಡಿಯಾರ ಇದೆ, ಅದರ ಕೆಳಗೆ ಬಂದು ನಿಂತ್ಕೋ. ಕೆಂಪು ಕೋಟು ಹಾಕ್ಕೋ. ತಿಳೀತಾ? ಕೆಂಪು. ನೀನು ಹುಡುಕಬೇಡ, ನಾನೇ ಬಂದು ಹಿಡ್ಕೋತೀನಿ."

ಅಕ್ಕನಿಗೆ ಆ ದೇಶದ ಅರಮನೆ, ಸೇತುವೆ, ವಸ್ತುಸಂಗ್ರಹಾಲಯ ಯಾವುದೂ ಬೇಕಾಗಿರಲಿಲ್ಲ. ಬೇಕಾಗಿದ್ದದ್ದು ಗಡಿಯಾರದ ಕೆಳಗಿನ ಆ ಒಂದು ಗಂಟೆ. ಮರುದಿನವೇ ತಮ್ಮನ ಮುಂದೆ ನಿಂತಳು. "ನನಗೊಂದು ಕೆಂಪು ಕೋಟು ಹೊಲಿದುಕೊಡೋ."

ಹೊಲಿದುಕೊಟ್ಟ. ಅಕ್ಕ ಬಾಯಿಬಿಟ್ಟು ಕೇಳಿದ್ದೇ ಅಪರೂಪ. ಒಳ್ಳೆಯ ಉಣ್ಣೆ ಬಟ್ಟೆ, ಒಳಗೆ ರೇಷ್ಮೆಯ ಅಸ್ತರು, ಮೂಳೆಯ ಗುಂಡಿಗಳು. ಅವನ ಕೈಯಿಂದ ಅಷ್ಟು ಚೆಂದದ ಕೋಟು ಇನ್ನೊಂದು ಬಂದಿರಲಿಲ್ಲ. ಅಕ್ಕ ಕನ್ನಡಿಯ ಮುಂದೆ ಹಿಂದಕ್ಕೂ ಮುಂದಕ್ಕೂ ತಿರುಗಿ, "ಸಾಯೋ ಕಾಲಕ್ಕೆ ಶೋಕಿ ಅಂತಾರೆ ನೋಡೋ ಜನ" ಎಂದು ನಾಚಿದಳು.

ಅಕ್ಕನ ಜೊತೆಗೆ ಅವನೂ ಹೊರಟಿದ್ದ, ತನ್ನ ಸಿದ್ಧತೆಯನ್ನು ಬೇರೆಯೇ ನಡೆಸಿದ್ದ. "ಊಟ ತನ್ನಿಚ್ಛೆ, ನೋಟ ಪರರಿಚ್ಛೆ" ಎಂಬುದು ಅವನ ಮಂತ್ರ. ಆ ಊರಿನ ಬೀದಿಗಳ ಫೋಟೋ ಇದ್ದ ಪತ್ರಿಕೆಗಳನ್ನು ಹಳೆ ಪೇಪರಿನ ಅಂಗಡಿಯಿಂದ ತಂದು ಭೂತಗನ್ನಡಿ ಹಿಡಿದು ಕೂತ. ಕಟ್ಟಡಗಳನ್ನಲ್ಲ, ಅವುಗಳ ಮುಂದೆ ನಡೆದು ಹೋಗುತ್ತಿದ್ದ ಯಾರ್ಯಾರನ್ನೋ ನೋಡಿದ. ಕಾಲರು ಎಷ್ಟಗಲ, ಪ್ಯಾಂಟು ಬೂಟಿನ ಮೇಲೆ ಎಲ್ಲಿ ಬೀಳುತ್ತದೆ, ಕೈಚೀಲ ಯಾವ ಭುಜಕ್ಕೆ. ಹೊಸ ಬೂಟನ್ನು ತಿಂಗಳುಗಟ್ಟಲೆ ಮನೆಯೊಳಗೇ ತೊಟ್ಟು ತಿರುಗಿ ಹಳೆಯದು ಮಾಡಿದ. ಕ್ಯಾಮೆರಾ ಬೇಡವೆಂದ. ಊರಿನ ನಕ್ಷೆಯನ್ನು ತುಂಡು ಮಾಡಿ ತನ್ನ ಕೋಟಿನ ಅಸ್ತರಿಗೆ ಹೊಲಿದುಕೊಂಡ. ಬೀದಿಯಲ್ಲಿ ನಕ್ಷೆ ಬಿಡಿಸಿ ನಿಲ್ಲುವವನೇ ಅಲ್ಲವೇ ಪ್ರವಾಸಿ? ಇವನಾದರೆ ಜೇಬಿನಲ್ಲಿ ಏನನ್ನೋ ಹುಡುಕುವವನಂತೆ ಕೋಟು ತೆರೆದು ನೋಡಿಕೊಳ್ಳಬಹುದು. ಪೆಟ್ಟಿಗೆಯ ತಳದಲ್ಲಿ, ಇರಲಿ ಎಂದು, ರಂಗಮಂದಿರದ ಬೂದು ಬಣ್ಣದ ಹೆಂಗಸರ ಕೋಟೊಂದನ್ನೂ ಇಟ್ಟುಕೊಂಡ. ಗುಂಪಿನ ಕೋಟು. ಅಕ್ಕನಿಗೆ ಹೇಳಲಿಲ್ಲ.

ಆ ಊರು ಮುಟ್ಟಿದ ಮೊದಲ ದಿನವೇ ಅವನ ಮಾನ ಮೂರು ಕಾಸಿಗೆ ಹೋಯಿತು. ಸಂಘದ ಮಾರ್ಗದರ್ಶಿ ಒಂದು ಹಳದಿ ಬಾವುಟ ಎತ್ತಿ ಹಿಡಿದು ಮುಂದೆ ನಡೆದ. ಹಿಂದೆ ನಿವೃತ್ತರ ದಂಡು. ಸೂಜಿಯಣ್ಣ ದಂಡಿನಿಂದ ಹತ್ತು ಮಾರು ಹಿಂದೆ, ತನಗೂ ಇವರಿಗೂ ಸಂಬಂಧವಿಲ್ಲ ಎಂಬಂತೆ. ಅಕ್ಕ ಮಾತ್ರ ಖುಷಿಯಲ್ಲಿ ಕೆಂಪು ಕೋಟು ತೊಟ್ಟೇ ಹೊರಟಿದ್ದಳು. ಸೇತುವೆಯ ಮೇಲೆ ಗೊಂಬೆ, ಛತ್ರಿ ಮಾರುವವನೊಬ್ಬ ಅಷ್ಟು ಜನರನ್ನೂ ಬಿಟ್ಟು ಕೆಂಪು ಕಂಡು ನೇರ ಅವಳ ಹತ್ತಿರ ಬಂದ. ಒಂದು ಭಾಷೆಯಲ್ಲಿ ನಮಸ್ಕಾರ ಹೇಳಿದ, ಆಗಲಿಲ್ಲ, ಇನ್ನೊಂದರಲ್ಲಿ ಹೇಳಿದ, ಮತ್ತೊಂದರಲ್ಲಿ ಹೇಳಿದ. ಅಕ್ಕ ಎಲ್ಲದಕ್ಕೂ ತಲೆಯಾಡಿಸಿದಳು. ಅವನು ಛತ್ರಿಯಂಥ ಟೋಪಿಯೊಂದನ್ನು ಅವಳ ತಲೆಗೆ ಇಟ್ಟೇಬಿಟ್ಟ. ತಮ್ಮನೆಂದು ಗೊತ್ತಾಗಿ ಇವನಿಗೂ ಒಂದು ಇಟ್ಟ. ಸುತ್ತ ನಿಂತವರು ಚಪ್ಪಾಳೆ ತಟ್ಟಿದರು. ಸೂಜಿಯಣ್ಣ ತಲೆ ಎತ್ತಿ ನೋಡಿದ. ಎದುರಿನ ಕಟ್ಟಡದ ಮೇಲ್ಮಹಡಿಯ ಕಿಟಕಿಯಲ್ಲಿ ನಾಲ್ಕು ತಲೆ ಕಂಡವು. ನಗುತ್ತಿದ್ದವು.

ನೆಲ ಬಾಯಿ ಬಿಟ್ಟರೆ ಇಳಿದುಬಿಡುತ್ತಿದ್ದ. ದಂಡಿನಿಂದ ತಪ್ಪಿಸಿಕೊಂಡು ಅಕ್ಕನನ್ನು ಒಂದು ಓಣಿಗೆ ಕರೆದೊಯ್ದು, ಕೋಟು ತೆರೆದು ಕಂಕುಳ ಬಳಿ ಹೊಲಿದಿದ್ದ ನಕ್ಷೆ ನೋಡತೊಡಗಿದ. ಅಷ್ಟು ಹೊತ್ತು ತನ್ನ ಕಂಕುಳನ್ನೇ ನೋಡಿಕೊಳ್ಳುತ್ತ ನಿಂತವನನ್ನು ಕಂಡು ಪೊಲೀಸಿನವನೊಬ್ಬ ಬಂದು, ಮೈಗೆ ಹುಷಾರಿಲ್ಲವೇ ಎಂದು ಸನ್ನೆ ಮಾಡಿದ. ಅಕ್ಕನಿಗೆ ನಗು ತಡೆಯಲಾಗಲಿಲ್ಲ. ಅವಳ ನಗುವೆಂದರೆ ಸಣ್ಣದಲ್ಲ. ಮೊದಲು ಒಂದು ಕೇಕೆ, ಆಮೇಲೆ ಉಸಿರು ಸಿಗದೆ ಬಿಕ್ಕಳಿಕೆಯಂಥದ್ದು. ಎಕ್ಸ್‌ಚೇಂಜಿನಲ್ಲಿ ಆ ನಗುವಿಗಾಗಿ ಎಷ್ಟೋ ಸಲ ಬೈಸಿಕೊಂಡಿದ್ದಳು. ಇವನಿಗೆ ಮೈಯೆಲ್ಲ ಉರಿಯಿತು.

ಮರುದಿನವೇ ಗಡಿಯಾರದ ಕೆಳಗಿನ ಗಂಟೆ. ಬೆಳಗ್ಗೆ ಹೋಟೆಲಿನ ಕೋಣೆಯಲ್ಲಿ ಅಕ್ಕ ಕೆಂಪು ಕೋಟಿಗೆ ಕೈ ಹಾಕುವಷ್ಟರಲ್ಲಿ ಅವನು ಬೂದು ಕೋಟು ಹಿಡಿದು ನಿಂತಿದ್ದ.

"ಇವತ್ತು ಇದನ್ನ ಹಾಕ್ಕೋ."

"ಅದು ಹೆಂಗಾಗತ್ತೋ? ಅವಳು ಕೆಂಪು ಅಂದಿದಾಳೆ."

"ಪಕ್ಕದ ಸ್ಟೂಲಲ್ಲಿ ಅಷ್ಟು ವರ್ಷ ಕೂತವಳಿಗೆ ನಿನ್ನ ಮುಖ ಸಾಲದಾ? ಕೋಟು ನೋಡಿ ಗುರುತು ಹಿಡೀಬೇಕಾ? ನಿನ್ನೆ ಆದದ್ದು ಸಾಕಾಗ್ಲಿಲ್ವಾ ನಿನಗೆ? ಊರೋರ ಹಾಗೆ ಹೋಗೋಣ, ಊರೋರ ಹಾಗೆ ಬರೋಣ."

ಅಕ್ಕ ಕೆಂಪು ಕೋಟಿನ ತೋಳನ್ನು ಒಂದಿಷ್ಟು ಹೊತ್ತು ಕೈಯಲ್ಲೇ ಹಿಡಿದಿದ್ದಳು. ಬಟ್ಟೆಯ ವಿಷಯದಲ್ಲಿ ಅವಳು ತಮ್ಮನ ಮಾತು ಮೀರಿದವಳಲ್ಲ. ಇವನ ವಿದ್ಯೆಯ ಮೇಲೆ ಅವಳಿಗೆ ಅಷ್ಟು ಹೆಮ್ಮೆ. "ನಿನಗೆ ಗೊತ್ತಿರೋದು ನನಗೇನು ಗೊತ್ತು" ಎಂದು ಬೂದು ಕೋಟು ತೊಟ್ಟಳು. ಕೆಂಪು ಕೋಟು ಮಡಿಚಿ ಪೆಟ್ಟಿಗೆಯಲ್ಲಿಟ್ಟಳು. ಆಗ ಸುಮ್ಮನಿದ್ದಿದ್ದರೆ! ಒಂದು ದಿನ, ಒಂದೇ ಒಂದು ದಿನ ಜನ ನಕ್ಕಿದ್ದರೆ ಗಂಟೇನು ಹೋಗುತ್ತಿತ್ತು? ಸೂಜಿಯಣ್ಣ ಮುಂದೆ ಬದುಕಿಡೀ ಕೇಳಿಕೊಂಡ ಮಾತು ಇದು. ಮಿಂಚಿ ಹೋದ ಮಾತಿಗೆ ಉತ್ತರ ಎಲ್ಲಿಂದ ಬರಬೇಕು.

ಸ್ಟೇಷನ್ ಎಂದರೆ ಸಂತೆ. ನಡುವೆ ಕಂಬದ ಮೇಲೆ ನಾಲ್ಕು ಮುಖದ ಗಡಿಯಾರ, ಕೆಳಗೆ ಕಾಯುವವರ ಗುಂಪು. ಸೂಜಿಯಣ್ಣ ತಾಲೀಮು ಕೊಡುವವನಂತೆ ಅಕ್ಕನ ಕಿವಿಯಲ್ಲಿ ಹೇಳತೊಡಗಿದ. "ನಿಂತಲ್ಲೇ ನಿಲ್ಬೇಡ. ಮೇಲೆ ನೋಡ್ಬೇಡ. ಯಾರ ಮುಖಾನೂ ದಿಟ್ಟಿಸ್ಬೇಡ, ಹಾಗೆ ನೋಡೋರು ಪ್ರವಾಸಿಗರು ಮಾತ್ರ. ಏನೋ ಕೆಲಸ ಇರೋರ ಹಾಗೆ ಅತ್ತಿಂದಿತ್ತ ಓಡಾಡ್ತಿರು." ಅಂಗಡಿಯಿಂದ ಆ ಊರಿನದೇ ಪತ್ರಿಕೆಯೊಂದನ್ನು ಕೊಂಡು ಅವಳ ಕಂಕುಳಿಗೆ ಸಿಕ್ಕಿಸಿದ. ಇಬ್ಬರಿಗೂ ಅದರ ಒಂದಕ್ಷರ ಓದಲು ಬರುತ್ತಿರಲಿಲ್ಲ.

ಅಕ್ಕ ಗಡಿಯಾರದ ಸುತ್ತ ಅತ್ತಿಂದಿತ್ತ ನಡೆದಳು. ಕಂಡೂ ಕಾಣದ ಹಾಗೆ ಜನರತ್ತ ಕಣ್ಣು ಹಾಯಿಸುತ್ತ, ಕಡ್ಡಿಯಂಥ ಹೆಂಗಸೊಬ್ಬಳು ಯಾರಿಗೋ ಡಿಕ್ಕಿ ಹೊಡೆಯುತ್ತ ಓಡಿ ಬರುವುದನ್ನು ಕಾದಳು. ಆಗೊಂದು ಪವಾಡ ನಡೆಯಿತು. ಆ ಊರಿನವಳೇ ಒಬ್ಬಳು, ಕೈಯಲ್ಲಿ ಮಗು, ಅವಸರದಲ್ಲಿ ಬಂದು ಅಕ್ಕನನ್ನು ತಡೆದು ಏನೋ ಕೇಳಿದಳು. ರೈಲು ಯಾವ ಕಡೆ ಎಂದಿರಬೇಕು. ಅಕ್ಕ ಗಂಭೀರವಾಗಿ ಒಂದು ದಿಕ್ಕಿಗೆ ಕೈ ತೋರಿಸಿದಳು. ಅವಳು ಉಪಕಾರ ಹೇಳಿ ಅತ್ತ ಓಡಿದಳು, ಪಾಪ, ಎಲ್ಲಿಗೆ ಹೋಗಿ ಸೇರಿದಳೋ.

ಸೂಜಿಯಣ್ಣನಿಗೆ ಎದೆ ಉಬ್ಬಿತು. ದಾರಿ ಕೇಳಿದಳು! ಆ ದೇಶದವಳು, ಆ ಊರಿನವಳು, ನಮ್ಮಕ್ಕನನ್ನು ತನ್ನವಳೆಂದುಕೊಂಡಳು! ಯಾವ ನಾಟಕದಲ್ಲೂ ಅವನಿಗೆ ಇಂಥ ಚಪ್ಪಾಳೆ ಬಿದ್ದಿರಲಿಲ್ಲ. ಆ ಗೆಲುವಿನ ಅಮಲಿನಲ್ಲೇ ಅವನು ತಿರುಗಿ ನೋಡಿದ್ದು.

ಗಡಿಯಾರದ ಕಂಬದ ಬುಡದಲ್ಲೇ ಒಬ್ಬ ಮುದುಕಿ ನಿಂತಿದ್ದಳು. ದಪ್ಪ ಮೈ. ಮೈಮೇಲೆ ಗಿಳಿಹಸಿರು ಕೋಟು, ಅದೂ ಎಂಥ ಹಸಿರು, ಕಣ್ಣಿಗೆ ಹೊಡೆಯುವಂಥದ್ದು. ಎದೆಗೆ ತಟ್ಟೆಯಗಲದ ಹಳದಿ ಬಟ್ಟೆಯ ಹೂವು. ನೆಟ್ಟ ಕಂಬದ ಹಾಗೆ ನಿಂತು ತಲೆಯನ್ನು ಮಾತ್ರ ಮೆಲ್ಲಗೆ ಅತ್ತ ಇತ್ತ ತಿರುಗಿಸುತ್ತಿದ್ದಳು.

ಅವನು ಅಕ್ಕನ ಪಕ್ಕೆ ತಿವಿದ. "ಅಲ್ನೋಡು, ಅಲ್ನೋಡು. ಇವಳು ಯಾವ ತೋಟದಿಂದ ಹಾರಿ ಬಂದಳೋ! ನಿನ್ನೆ ನೀನೂ ಹಿಂಗೇ ಕಾಣ್ತಿದ್ದೆ, ಈಗ್ಲಾದ್ರೂ ಗೊತ್ತಾಯ್ತಾ?"

ಅಕ್ಕ ನೋಡಿದಳು. ಹಿಂದಿನ ದಿನದ ಟೋಪಿ, ಪೊಲೀಸಿನವನು, ಈಗಿನ ದಾರಿ ಕೇಳಿದವಳು ಎಲ್ಲ ಒಟ್ಟಿಗೆ ನೆನಪಾಯಿತೇನೋ, ಅವಳ ಆ ಕೇಕೆ ಹೊರಟೇಬಿಟ್ಟಿತು. "ಶ್! ಊರೇ ತಿರುಗಿ ನೋಡತ್ತೆ" ಎಂದು ಅವನು ಗದರಿದ. ಅವಳು ಪತ್ರಿಕೆಯನ್ನು ಬಾಯಿಗೆ ಒತ್ತಿ ಹಿಡಿದು, ಭುಜ ಕುಲುಕಿಸುತ್ತ ನಗು ನುಂಗಿದಳು. ರೈಲೊಂದು ಕಿವಿಗಡಚಿಕ್ಕುವಂತೆ ಕೂಗುತ್ತ ಒಳಗೆ ಬರುತ್ತಿದ್ದಂತೆ ಅವನು ಅವಳ ಮೊಣಕೈ ಹಿಡಿದು ಚಹಾದ ಕಟ್ಟೆಯ ಕಡೆಗೆ ತಿರುಗಿಸಿದ, ನಗು ನಿಲ್ಲುವವರೆಗೂ ಅಲ್ಲೇ ಮರೆಯಲ್ಲಿ ನಿಲ್ಲಿಸಿದ. ವಾಪಸು ಬಂದಾಗ ಕಂಬದ ಬುಡ ಖಾಲಿಯಿತ್ತು. ಇಬ್ಬರಿಗೂ ಏನೂ ಅನಿಸಲಿಲ್ಲ.

ಗಂಟೆ ಕಳೆಯಿತು. ಮತ್ತೂ ಒಂದು ಗಂಟೆ ಕಳೆಯಿತು. ಅಕ್ಕ ಈಗ ಅವನ ತಾಲೀಮು ಮರೆತು ಎಲ್ಲರ ಮುಖ ದಿಟ್ಟಿಸುತ್ತಿದ್ದಳು. ತೆಳ್ಳಗಿದ್ದ ಮುದುಕಿಯರ ಹಿಂದೆಲ್ಲ ನಾಲ್ಕು ಹೆಜ್ಜೆ ಓಡಿ, ಮುಖ ನೋಡಿ, ತಪ್ಪಾಯಿತೆಂದು ಕೈ ಮುಗಿದು ಬರುತ್ತಿದ್ದಳು. ಸಂಜೆಯಾದಾಗ "ರೈಲು ತಪ್ಪಿರ್ಬೇಕು ಅವಳಿಗೆ. ಗಡಿಬಿಡಿ ಅಲ್ವಾ" ಎಂದಳು. ಅವನು ಹೂಂ ಎಂದ.

ರಾತ್ರಿ ಊಟದ ಹೊತ್ತಿಗೆ ಹೋಟೆಲಿನ ಕೆಳಗಿನ ಹಜಾರದಿಂದ ಗಡಿಬಿಡಿಯ ಹೊಸ ಮನೆಗೆ ಫೋನು ಮಾಡಿದರು. ಅಕ್ಕ ಹಲೋ ಅಂದದ್ದೇ ತಡ, ಆ ಕಡೆಯಿಂದ ಕೂಗು ಬಂತು. ಹಜಾರದಲ್ಲಿ ಕೂತವರೆಲ್ಲ ತಿರುಗಿದರು.

"ಎಲ್ಲೇ ಹೋಗಿದ್ದೆ? ಗಡಿಯಾರದ ಕೆಳಗೆ ಪೂರ್ತಿ ಒಂದು ಗಂಟೆ ನಿಂತಿದ್ನಲ್ಲೇ! ಕೆಂಪು ಎಲ್ಲೂ ಕಾಣ್ಲೇ ಇಲ್ಲ!"

"ನಾನೂ ಅಲ್ಲೇ ಇದ್ನಲ್ಲೇ. ನೀನು ಕಾಣ್ಲಿಲ್ಲ..."

"ನಾನು ಕಾಣ್ದೆ ಇರೋಕೆ ಸಾಧ್ಯಾನಾ? ನಿನಗೆ ಕಾಣ್ಲಿ ಅಂತ ಗಿಳಿಹಸಿರು ಕೋಟು ತಗೊಂಡು ಹಾಕ್ಕೊಂಡಿದ್ದೆ! ಮಗಳು ಬೈದ್ಲು, ಅಮ್ಮಾ ಕೋಡಂಗಿ ಹಾಗೆ ಕಾಣ್ತೀಯ ಅಂತ. ಕಾಣ್ಲಿ ಬಿಡೇ ಅಂದೆ. ಮೇಲೆ ಒಂದು ಹಳದಿ ಹೂವೂ ಸಿಗಿಸ್ಕೊಂಡಿದ್ದೆ!"

ಸೂಜಿಯಣ್ಣ ಅಕ್ಕನ ಕಡೆ ತಿರುಗಿದ. ಅಕ್ಕ ಅವನ ಕಡೆ ನೋಡಲಿಲ್ಲ.

"ನೀನು ಕೆಂಪು ಹಾಕಿರ್ಲಿಲ್ವಾ?" ಆ ಕಡೆಯ ದನಿ ಸ್ವಲ್ಪ ಇಳಿಯಿತು. "ತಪ್ಪು ನನ್ನದೇ ಬಿಡು. ಮೊದ್ಲೇ ಹೇಳ್ಬೇಕಿತ್ತು. ನನ್ನ ಕಣ್ಣು ಮಂಜಾಗಿದೆ ಕಣೇ. ಮುಖ ಗೊತ್ತಾಗಲ್ಲ. ಕಡುಬಣ್ಣ ಇದ್ರೆ ಗೊತ್ತಾಗತ್ತೆ. ಅದಕ್ಕೇ ಕೆಂಪು ಕೆಂಪು ಅಂತ ಬಡ್ಕೊಂಡಿದ್ದು. ಹೇಳಿದ್ರೆ ನೀನು ಅಳ್ತೀಯ ಅಂತ ಹೇಳ್ಲಿಲ್ಲ."

ಸೂಜಿಯಣ್ಣ ಫೋನಿಗೆ ಕೈ ಚಾಚಿದ, ತಪ್ಪು ನನ್ನದು ಎನ್ನಲು. ಅಕ್ಕ ಅವನ ಕೈ ಸರಿಸಿದಳು. "ನಾನೇ ಹಾಕ್ಕೊಳ್ಲಿಲ್ಲ ಕಣೇ. ಅದಕ್ಕೆ ಏನೋ ಚೆಲ್ಲಿ ಕಲೆಯಾಗಿತ್ತು. ಬುದ್ಧಿ ಇಲ್ಲದವಳು ನಾನು" ಎಂದಳು. ಆ ಕಡೆಯವಳು ಮತ್ತೇನೋ ಕೇಳಿದಳು. ಅದನ್ನು ಕೇಳುತ್ತಲೇ ಅಕ್ಕ ರಿಸೀವರನ್ನು ಕಿವಿಗೆ ಅಮುಕಿಕೊಂಡು ಗೋಡೆಯ ಕಡೆ ತಿರುಗಿಬಿಟ್ಟಳು. ಅವನಿಗೆ ಅವಳ ಬೆನ್ನು ಮಾತ್ರ ಕಂಡಿತು, ತಾನೇ ಇಟ್ಟಿಗೆಯಿಂದ ಉಜ್ಜಿ ಸವೆಸಿದ ಆ ಬೂದು ಕೋಟಿನ ಬೆನ್ನು. ಅವಳು ಒಂದೆರಡು ಮಾತು ಮೆಲ್ಲಗೆ ಹೇಳಿದಳು, ಮುಂದಿನ ವರ್ಷ ಬರುತ್ತೇನೆ ಎಂದಳು, ಇಟ್ಟಳು. ಮರುದಿನ ಬೆಳಗಾಗುವ ಮೊದಲೇ ವಿಮಾನವಿತ್ತು.

ಮುಂದಿನ ವರ್ಷ ಬರಲಿಲ್ಲ. ಅಂದರೆ ವರ್ಷ ಬಂತು, ಗಡಿಬಿಡಿ ಇರಲಿಲ್ಲ. ಅವಳ ಮಗಳು ಫೋನು ಮಾಡಿ ಹೇಳಿದಳು. ಆಮೇಲೊಂದು ದಿನ ಅಂಚೆಯಲ್ಲಿ ಒಂದು ಗಂಟು ಬಂತು. ಬಿಚ್ಚಿದರೆ ಗಿಳಿಹಸಿರು ಕೋಟು. ಹಳದಿ ಹೂವು ಎದೆಯ ಮೇಲೇ ಇತ್ತು.

ಪ್ರವಾಸದಿಂದ ಬಂದಂದಿನಿಂದ ಸೂಜಿಯಣ್ಣ ಕಿಟಕಿಯ ಆಟಕ್ಕೆ ಹೋಗಿರಲಿಲ್ಲ. "ಯಾಕಣ್ಣಾ, ಕಣ್ಣಿಗೇನಾಯ್ತು?" ಎಂದು ನಟರು ಕೀಟಲೆ ಮಾಡಿದರೆ ಯಂತ್ರದ ಚಕ್ರ ಜೋರಾಗಿ ತಿರುಗಿಸುತ್ತಿದ್ದ. ಮನೆಯಲ್ಲಿ ಅಕ್ಕ ಆ ದಿನದ ಮಾತು ಎತ್ತಿರಲಿಲ್ಲ, ಒಂದು ಸಲವೂ ಅವನನ್ನು ದೂರಿರಲಿಲ್ಲ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಆದರೆ ಅವಳು ನಗುವುದು ಕಡಿಮೆಯಾಗಿತ್ತು. ಆ ಕೇಕೆಯಂತೂ ಮನೆಯಲ್ಲಿ ಮತ್ತೆ ಕೇಳಿಸಲೇ ಇಲ್ಲ.

ಗಂಟು ಬಂದ ದಿನ ಅವಳು ಹಸಿರು ಕೋಟನ್ನು ಅವನ ಮಡಿಲಿಗೆ ಹಾಕಿದಳು. "ಇದು ನನಗೆ ದೊಡ್ಡದಾಗತ್ತೆ. ನನ್ನ ಅಳತೆಗೆ ಮಾಡ್ಕೊಡು."

"ಇದನ್ನ ಹಾಕ್ಕೋತೀಯಾ?"

"ಮತ್ತೆ? ಪೆಟ್ಟಿಗೇಲಿ ಇಡೋಕೆ ಒಂದು ಇದೆಯಲ್ಲ."

ಅವನು ಕಾಲರಿನ ಸೂಜಿ ತೆಗೆದ. ಅಸ್ತರಿನ ಹೊಲಿಗೆಗೆ ಕತ್ತರಿ ಇಟ್ಟವನಿಗೆ ಕೈ ಮುಂದೆ ಹೋಗಲಿಲ್ಲ. ಇಷ್ಟು ದಿನ ಆಡದೆ ಉಳಿದಿದ್ದ ಮಾತು ಹೊರಗೆ ಬಂತು. "ಅಕ್ಕಾ, ಅವತ್ತು ನಾನು ಕೆಂಪು ಕೋಟು ಬೇಡ ಅನ್ನದೇ ಇದ್ದಿದ್ರೆ ನೀನು ಅವಳನ್ನ ನೋಡ್ತಿದ್ದೆ. ನನ್ನ ಹಾಳು ಮರ್ಯಾದೆಗೋಸ್ಕರ ನಿನ್ನ ಗೆಳತೀನ ತಪ್ಪಿಸಿಬಿಟ್ಟೆ."

ಅಕ್ಕ ಇಸ್ತ್ರಿ ಮಾಡಿದ ಬಟ್ಟೆ ಮಡಿಚುತ್ತಿದ್ದಳು. ಮಡಿಚುತ್ತಲೇ ಹೇಳಿದಳು. "ಕೋಟಿನ ಮಾತು ಬಿಡೋ. ನೀನು ಬೇಡ ಅಂದೆ, ನಾನು ಆಯ್ತು ಅಂದೆ. ನಾನೇನು ಸಣ್ಣ ಮಗುವಾ?"

"ಆದ್ರೂ..."

"ಅವಳು ಅವತ್ತು ಫೋನಲ್ಲಿ ಕೊನೇಗೆ ಏನು ಕೇಳಿದ್ಲು ಗೊತ್ತಾ ನಿನಗೆ?"

ಗೊತ್ತಿಲ್ಲ ಎಂದು ಅವನು ತಲೆಯಾಡಿಸಿದ.

"ಒಂದು ಸಲ ನಿನ್ನ ನಗು ಕೇಳಿಸಿದ ಹಾಗಾಯ್ತು ಕಣೇ, ಅಂದ್ಲು. ಇಲ್ಲೇ, ಕೈಗೆಟಕೋ ಅಷ್ಟು ಹತ್ತಿರ. ತಿರುಗಿ ನಿನ್ನ ಹೆಸರು ಹಿಡಿದು ಕರೆದೆ. ಅಷ್ಟರಲ್ಲಿ ನಿಂತೇ ಹೋಯ್ತು. ಅದು ನೀನೇನಾ, ಅಂದ್ಲು."

ಸೂಜಿಯಣ್ಣ ಕತ್ತರಿ ಕೆಳಗಿಟ್ಟ. "ನೀನೇನಂದೆ?"

"ಏನನ್ಲಿ? ನಿನ್ನನ್ನೇ ನೋಡಿ ನಗ್ತಿದ್ದೆ ಕಣೇ ಅನ್ನೋದಾ? ನಾನಲ್ಲ ಅಂದೆ. ಬೇರೆ ಯಾರೋ ಇರ್ಬೇಕು ಅಂದೆ." ಮಡಿಚಿದ ಬಟ್ಟೆಯನ್ನು ಅವಳು ಬಿಚ್ಚಿ ಮತ್ತೆ ಮಡಿಚಿದಳು. "ಬೆರಳು ತೋರಿಸಿದ್ದು ನೀನು, ಸರಿ. ನಕ್ಕಿದ್ದು ನಾನು. ಇಲ್ಲ ಅಂದಿದ್ದೂ ನಾನು. ಅವಳ ಕಣ್ಣು ಹೋಗಿತ್ತು ಅಷ್ಟೆ, ಕಿವಿ ಸರಿಯಾಗೇ ಇತ್ತು. ಆ ಕಿವೀನೂ ಸುಳ್ಳು ಅಂತ ನಂಬಿಸಿ ಕಳಿಸಿಬಿಟ್ಟೆನಲ್ಲೋ ನಾನು."

ಅವನು ಕತ್ತರಿಯನ್ನು ಮತ್ತೆ ಎತ್ತಿಕೊಂಡ. ತಲೆ ತಗ್ಗಿಸಿ ಹೊಲಿಗೆ ಬಿಚ್ಚಿದ. ಭುಜ ಒಳಗೆ ತಗೊಂಡ, ತೋಳು ಗಿಡ್ಡ ಮಾಡಿದ, ಪಕ್ಕೆ ಹಿಡಿದ. ಅಕ್ಕನ ಅಳತೆ ಅವನಿಗೆ ಬಾಯಿಪಾಠ, ಟೇಪು ಬೇಕಾಗಲಿಲ್ಲ. ಹಳದಿ ಹೂವು ಸಡಿಲವಾಗಿತ್ತು. ಕಿತ್ತು ಹಾಕಲೇ ಎಂದು ಕೇಳಲು ತಲೆ ಎತ್ತಿದವನು ಕೇಳಲಿಲ್ಲ. ಎರಡೆಳೆ ದಾರದಿಂದ ಗಟ್ಟಿಯಾಗಿ ಹೊಲಿದ.

ಮಾರನೆಯ ಬೆಳಗ್ಗೆ ಅಕ್ಕ ಅದನ್ನು ತೊಟ್ಟು, ಕೈಚೀಲ ಹಿಡಿದು ತರಕಾರಿ ತರಲು ಹೊರಟಳು. ಎದುರು ಮನೆಯವರು ಬಾಗಿಲಿಗೆ ಬಂದು ನೋಡಿದರು. ಹಾಲಿನವನು ಸೈಕಲ್ ನಿಲ್ಲಿಸಿ, ಸೂಜಿಯಣ್ಣನ ಕಡೆ ಬಾಗಿ ಮೆಲ್ಲಗೆ ಕೇಳಿದ. "ಯಾರಣ್ಣಾ ಅದು? ಯಾವ ದೇಶದವರು?"

"ನಮ್ಮಕ್ಕ" ಎಂದ ಸೂಜಿಯಣ್ಣ.

ಬೀದಿಯಲ್ಲಿ ಆಗಲೇ ಜನ ತುಂಬಿದ್ದರು, ಕಚೇರಿಗೆ ಹೋಗುವವರು, ಶಾಲೆಗೆ ಹೋಗುವವರು. ಅವನು ಬಾಗಿಲಲ್ಲೇ ನಿಂತು ನೋಡಿದ. ಕೊನೆಯ ತಿರುವಿನವರೆಗೂ ಅವಳು ಕಾಣಿಸುತ್ತಲೇ ಇದ್ದಳು.